ಮೂರು ಗುಂಡಿ ಹೊತ್ತು

ಮಾತಾಡಬಾರದು ಎಂದು ತೀರ್ಮಾನ ಮಾಡಿದಾಗ ನನ್ನ ಮೈದುನ ಹಲ್ಲಿನ ನಡುವೆ ಒಂದು ಬೆಂಕಿಕಡ್ಡಿ ಕಚ್ಚಿಕೊಳ್ಳುತ್ತಿದ್ದ. ಮದ್ದು ಕಿತ್ತ ಬರೀ ಕಡ್ಡಿ. ಅವನು ಮಾಡಿದ ಆಟವನ್ನು ಆಡುತ್ತ ನಾನು ಕಂಪ್ಯೂಟರಿನ ಮುಂದೆ, ಅವನು ನನ್ನ ಬೆನ್ನ ಹಿಂದೆ ಮೂರು ಕಾಲಿನ ಸ್ಟೂಲಿನ ಮೇಲೆ. ನಾನು ಎಲ್ಲಿ ತಡವರಿಸಿದರೂ, ಏನು ಎಡವಟ್ಟು ಮಾಡಿದರೂ ಅವನು ತುಟಿ ಬಿಚ್ಚುವಂತಿಲ್ಲ. ನೋಡಬೇಕು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಅಷ್ಟೇ. ಆ ಕಟ್ಟಳೆ ಅವನೇ ಹಾಕಿಕೊಂಡದ್ದು. ಮಗು ಮನೆಯಲ್ಲಿ ಆಡುವಾಗ ಪಕ್ಕದಲ್ಲಿ ಮೇಷ್ಟ್ರು ಇರುವುದಿಲ್ಲ, ಆದ್ದರಿಂದ ನಾನು ಆಡುವಾಗಲೂ ಇರಬಾರದು ಎನ್ನುವುದು ಅವನ ಲೆಕ್ಕ. ಆರು ವರ್ಷದಲ್ಲಿ ಎಷ್ಟು ಪೊಟ್ಟಣ ಬೆಂಕಿಕಡ್ಡಿ ಜಗಿದನೋ.

ಅವನು ನನ್ನ ಗಂಡನ ತಮ್ಮ. ಕೈಕೆಲಸ ಕಲಿಸುವ ತರಬೇತಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಮೇಷ್ಟ್ರಾಗಿದ್ದ. ಕಬ್ಬಿಣದ ತುಂಡುಗಳನ್ನು ಅರದಿಂದ ಉಜ್ಜಿ, ಅಳೆದು, ಒಂದರೊಳಗೊಂದು ಸರಿಯಾಗಿ ಕೂರುವಂತೆ ಮಾಡುವ ಕೆಲಸ ಅದು. ಹೊಸದಾಗಿ ಸೇರಿದವರಿಗೆ ಮೊದಲ ಎರಡು ತಿಂಗಳು ಒಂದೇ ಪಾಠ. ಅಂಗೈಯಗಲದ ಒಂದು ಕಬ್ಬಿಣದ ತುಂಡು, ಒಂದು ಅರ. ಉಜ್ಜಬೇಕು. ಉಜ್ಜಿದ ಮೇಲೆ ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಮಟ್ಟಕ್ಕೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಬೇಕು. ಕಲಿಯುವವರೆಲ್ಲ ಸೇರಿ ಅವನಿಗೆ ‘ಬೆಳಕು ಮೇಷ್ಟ್ರು’ ಎಂದು ಅಡ್ಡಹೆಸರಿಟ್ಟಿದ್ದರು. ಬೆಳಕು ಕಂಡರೆ ಸಾಕು, ಬೈಗುಳ ಬೀಳುತ್ತಿತ್ತಂತೆ.

ನಮಗೆ ಮಕ್ಕಳಿಲ್ಲ. ಅವನು ಮದುವೆಯಾಗಲಿಲ್ಲ. ನನ್ನ ಗಂಡ ಹೋದ ಮೇಲೆ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಹಿಂದಿನ ಕೋಣೆ ನನ್ನದು, ಬೀದಿ ಕಡೆಯ ಕೋಣೆ ಅವನದು. ನಾನು ಟೈಲರ್ ಅಂಗಡಿಗಳಿಂದ ಅಂಗಿಗಳನ್ನು ತಂದು ಕಾಜ ಗುಂಡಿ ಹಾಕಿಕೊಡುತ್ತಿದ್ದೆ. ಒಂದು ಅಂಗಿಗೆ ಮುಂದೆ ಏಳು, ತೋಳಿಗೆ ಎರಡು, ಕಾಲರಿನ ತುದಿಗೆ ಎರಡು.

ಒಂದು ವರ್ಷ ಅವನ ಶಾಲೆಯ ಫಿಟ್ಟರ್ ವಿಭಾಗಕ್ಕೆ ಇಬ್ಬರೇ ಸೇರಿದರು. ಮುಂದಿನ ವರ್ಷ ಯಾರೂ ಬರಲಿಲ್ಲ. ವಿಭಾಗ ಮುಚ್ಚಿ, ಯಂತ್ರಗಳನ್ನು ಗುಜರಿಗೆ ಹಾಕಿದರು. ಅವನು ಬೇಡಿಕೊಂಡು ಒಂದು ಹಳೆಯ ವೈಸನ್ನು ಮನೆಗೆ ತಂದ. ಕಬ್ಬಿಣದ ತುಂಡನ್ನು ಅಲುಗದಂತೆ ಕಚ್ಚಿ ಹಿಡಿಯುವ ಸಾಮಾನು ಅದು. ಮೂರು ಮಹಡಿ ಹೊತ್ತು ತಂದವನು ಉಸಿರು ಬಿಡುತ್ತ ಅದನ್ನು ಮೇಜಿನ ಅಂಚಿಗೆ ಬೋಲ್ಟ್ ಹಾಕಿ ಬಿಗಿದ.

“ಇಲ್ಲಿ ಏನು ಉಜ್ಜೋಕೆ ಇದೆ ಅಂತ ತಂದೆ ಮಾರಾಯ?” ಎಂದೆ.

“ಏನೂ ಇಲ್ಲ ಅತ್ತಿಗೆ. ಕೈಗೆ ಅಭ್ಯಾಸ ತಪ್ಪಬಾರದು.”

ಮೊದಲು ಅಭ್ಯಾಸ ತಪ್ಪಿದ್ದೇ ಆ ಕೈಗೆ. ಒಂದು ಬೆಳಿಗ್ಗೆ ಅವನು ಸಣ್ಣ ತುಂಡೊಂದನ್ನು ಉಜ್ಜಿ, ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿದ. ಬೆಳಕು ಕಂಡಿತು. ಮತ್ತೆ ಉಜ್ಜಿದ, ಮತ್ತೆ ಬೆಳಕು. ಹನ್ನೊಂದು ಗಂಟೆಯವರೆಗೂ ಉಜ್ಜಿದ. ತುಂಡು ಬೆರಳುಗುರಿನಷ್ಟು ತೆಳುವಾಯಿತು. ನಾನು ಹಿಂದಿನಿಂದ ನೋಡುತ್ತಲೇ ಇದ್ದೆ. ತುಂಡಿನಲ್ಲಿ ದೋಷ ಇರಲಿಲ್ಲ. ಮಟ್ಟ ಹಿಡಿದ ಅವನ ಬಲಗೈ ಅಲುಗುತ್ತಿತ್ತು. ಅಲುಗಿದಾಗಲೆಲ್ಲ ಸಂದಿನಿಂದ ಬೆಳಕು ಬರುತ್ತಿತ್ತು. ಅವನಿಗೂ ಕೊನೆಗೆ ಅದು ಕಂಡಿತು. ತುಂಡನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದು, ಯಾರದೋ ಕೈ ಎಂಬಂತೆ ನೋಡಿದ.

ಡಾಕ್ಟರು ಈ ನಡುಕ ಹೋಗುವುದಿಲ್ಲ, ನಿಧಾನವಾಗಿ ಹೆಚ್ಚುತ್ತದೆ ಎಂದರು. ಎಷ್ಟು ನಿಧಾನ ಎಂದು ಅವನು ಕೇಳಿದ. ಅದನ್ನು ಅಳತೆ ಮಾಡಿ ಹೇಳಲಾಗದು ಎಂದರು. ಅಳತೆ ಇಲ್ಲದ ಮಾತು ಅವನಿಗೆ ಯಾವತ್ತೂ ಸೇರುತ್ತಿರಲಿಲ್ಲ. ಮನೆಗೆ ಬರುವ ತನಕ ಗೊಣಗುತ್ತಿದ್ದ.

ಆ ವಾರವೇ ಅವನು ಗ್ರಂಥಾಲಯದಿಂದ ಕಂಪ್ಯೂಟರ್ ಪುಸ್ತಕಗಳನ್ನು ತರತೊಡಗಿದ. ಮಕ್ಕಳಿಗೆ ಒಂದು ಆಟ ಮಾಡುತ್ತೇನೆ ಎಂದ. ಪರದೆಯ ಮೇಲೆ ರೋಬೋಟು ಕಟ್ಟುವ ಆಟ. ಹೆಸರು ‘ಕಟ್ಟಿ ನಡೆಸು’. “ಅತ್ತಿಗೆ, ಈ ಕೈಗೆ ಗೊತ್ತಿರೋದನ್ನ ಎಲ್ಲಾದ್ರೂ ಇಳಿಸಬೇಕು. ಇನ್ನು ಮೇಲೆ ಫಿಟ್ಟರ್ ಕಲಿಯೋಕೆ ಯಾರೂ ಬರಲ್ಲ. ಆಟಕ್ಕಾದ್ರೆ ಮಕ್ಕಳು ಬರ್ತಾರೆ. ಒಂದು ಹತ್ತು ಮಕ್ಕಳಿಗಾದ್ರೂ ಯಂತ್ರ ಅಂದ್ರೆ ಏನು ಅಂತ ಗೊತ್ತಾದ್ರೆ ಸಾಕು. ಇಲ್ದಿದ್ರೆ ಎಲ್ಲಾ ನನ್ನ ಜೊತೆ ಮಣ್ಣಾಗುತ್ತೆ.”

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಹತ್ತು ಮಕ್ಕಳು.

ಆಟ ಹೇಗೆ ಎಂದರೆ, ಪರದೆಯ ಎಡಗಡೆ ಕಪಾಟು. ಅದರಲ್ಲಿ ಕಾಲು, ಗಾಲಿ, ಕೈ, ಮೋಟಾರು, ಬ್ಯಾಟರಿ, ಹಲ್ಲಿನ ಚಕ್ರಗಳು. ಬೇಕಾದ್ದನ್ನು ಎಳೆದು ತಂದು ಜೋಡಿಸಬೇಕು. ಬಲಗಡೆ ಚೀಟಿಗಳು: ಮುಂದೆ ಹೋಗು, ತಿರುಗು, ಎತ್ತು, ಇಳಿಸು. ಚೀಟಿಗಳನ್ನು ಸಾಲಾಗಿ ಇಟ್ಟರೆ ರೋಬೋಟು ಆ ಸಾಲಿನಂತೆಯೇ ನಡೆಯುತ್ತದೆ. ಒಂದು ಚೀಟಿ ಹೆಚ್ಚುಕಡಿಮೆಯಾದರೆ ಗೋಡೆಗೆ ಮುಖ ಗುದ್ದಿಕೊಂಡು ನಿಲ್ಲುತ್ತದೆ. ಹತ್ತು ಹಂತ. ಮೊದಲನೆಯದರಲ್ಲಿ ಪೆಟ್ಟಿಗೆ ತಳ್ಳುವುದು, ಹತ್ತನೆಯದರಲ್ಲಿ ಕಡಿದಾದ ಇಳಿಜಾರು ಹತ್ತಿ ದೀಪ ಹಚ್ಚುವುದು.

ಆಟದಲ್ಲಿ ಅವನದೇ ಒಂದು ಹಟವಿತ್ತು. ಯಂತ್ರ ಸುಳ್ಳು ಹೇಳಬಾರದು. ಸಣ್ಣ ಚಕ್ರ ದೊಡ್ಡ ಚಕ್ರವನ್ನು ತಿರುಗಿಸಿದರೆ ಬಲ ಹೆಚ್ಚು, ಓಟ ಕಡಿಮೆ. ಅದಲುಬದಲು ಮಾಡಿದರೆ ಓಟ ಹೆಚ್ಚು, ಬಲ ಕಡಿಮೆ. ಭಾರ ಮುಂದಾದರೆ ಮುಗ್ಗರಿಸುತ್ತದೆ. ಸಣ್ಣ ಮೋಟಾರಿಗೆ ದೊಡ್ಡ ಭಾರ ಹೇರಿದರೆ ಬಿಸಿಯಾಗಿ ಕೆಂಪಾಗಿ ನಿಂತುಬಿಡುತ್ತದೆ. ತಣ್ಣಗಾಗುವ ತನಕ ಅಲುಗುವುದಿಲ್ಲ.

ಮಾಡಿದ ಆಟವನ್ನು ಯಾರಾದರೂ ಆಡಿ ನೋಡಬೇಕಲ್ಲ. ಅವನ ನಡುಗುವ ಕೈಗೆ ಮೌಸ್ ನಿಲ್ಲುತ್ತಿರಲಿಲ್ಲ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಒಂದೇ ಬೆರಳಿನಲ್ಲಿ ಅಕ್ಷರ ಕುಟ್ಟುತ್ತಿದ್ದ. ಬೀದಿಯ ಮಕ್ಕಳನ್ನು ಕರೆಯೋಣ ಎಂದೆ. “ಮುಗಿಯದ ಕೆಲಸ ಮಕ್ಕಳಿಗೆ ತೋರಿಸಬಾರದು” ಎಂದ. ನಂತರ ನನ್ನನ್ನೇ ನೋಡಿದ.

“ನೀವೇ ಸರಿ ಅತ್ತಿಗೆ. ಮೂರನೇ ಕ್ಲಾಸಿಗೆ ಬಿಟ್ಟವರು. ನೀವು ಓದೋದು ಸಣ್ಣ ಮಗು ಓದೋ ಹಾಗೇ ಇದೆ.”

“ಹೊಗಳ್ತಾ ಇದೀಯೋ ಬೈತಾ ಇದೀಯೋ?”

“ಎರಡೂ ಅಲ್ಲ. ಅಳತೆ ಹೇಳ್ತಾ ಇದೀನಿ.”

ಹಾಗೆ ಶುರುವಾಯಿತು. ದಿನವೂ ಊಟವಾದ ಮೇಲೆ ಎರಡರಿಂದ ನಾಲ್ಕು ಗಂಟೆಯವರೆಗೆ ನಾನು ಆಡುತ್ತಿದ್ದೆ. ನಾನು ಕಟ್ಟಿದ ರೋಬೋಟಿಗೆ ಡೊಳ್ಳಪ್ಪ ಎಂದು ಹೆಸರಿಟ್ಟಿದ್ದೆ, ಬ್ಯಾಟರಿಯನ್ನು ಹೊಟ್ಟೆಯಲ್ಲಿ ಹೊತ್ತಿದ್ದರಿಂದ. ನಾನು ಎಲ್ಲಿ ನಿಂತೆನೋ ಅಲ್ಲೆಲ್ಲ ಮರುದಿನ ಬದಲಾಗಿರುತ್ತಿತ್ತು. ಮೊದಲು ಚೀಟಿಗಳ ಮೇಲೆ ‘ಚಲಿಸು’ ಎಂದಿತ್ತು, ನಾನು ಮೂರು ಸಲ ತಡವರಿಸಿದೆ, ‘ಹೋಗು’ ಎಂದಾಯಿತು. ಕಪಾಟಿನ ಸಾಮಾನುಗಳಿಗೆ ಹೆಸರು ಬರೆದಿತ್ತು, ಚಿತ್ರವಾಯಿತು. ಮೋಟಾರು ಬಿಸಿಯಾದಾಗ ಕೆಳಗೆ ಒಂದು ಉದ್ದ ಸಾಲು ಬರುತ್ತಿತ್ತು. ಅದನ್ನು ಓದಿ ಮುಗಿಸುವ ಹೊತ್ತಿಗೆ ಮೋಟಾರೇ ತಣ್ಣಗಾಗಿರುತ್ತಿತ್ತು.

“ಇದು ಬೇಕಾ? ಕೆಂಪಗಿದ್ದರೆ ಬಿಸಿ ಅಂತ ಯಾರಿಗಾದ್ರೂ ಗೊತ್ತಾಗುತ್ತಪ್ಪ,” ಎಂದೆ. ಆ ಸಾಲನ್ನೂ ತೆಗೆದ.

ಮೋಟಾರು ತಣ್ಣಗಾಗುವ ಹೊತ್ತಿನಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಂಗಿಗಳ ಗಂಟನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುತ್ತಿದ್ದೆ. ಡೊಳ್ಳಪ್ಪ ಕೆಂಪಾದ ಕೂಡಲೇ ಸೂಜಿ ಎತ್ತಿಕೊಳ್ಳುತ್ತಿದ್ದೆ. ನಾಲ್ಕು ಕಣ್ಣಿನ ಗುಂಡಿ, ಪ್ರತಿ ಕಣ್ಣಿಗೆ ಎರಡೆರಡು ಸುತ್ತು, ಬುಡಕ್ಕೆ ಮೂರು ಸುತ್ತು, ಗಂಟು, ಕತ್ತರಿ. ಮೂರನೇ ಗುಂಡಿಯ ಗಂಟು ಹಾಕುವಾಗ ಡೊಳ್ಳಪ್ಪ ಮತ್ತೆ ಬೂದು ಬಣ್ಣಕ್ಕೆ ಬಂದು ಹೆಜ್ಜೆ ಎತ್ತುತ್ತಿದ್ದ. ಒಂದು ದಿನ ಆಟ ಮುಗಿದ ಮೇಲೆ ಅವನು ಕಡ್ಡಿ ತೆಗೆದು ಕೇಳಿದ.

“ಅತ್ತಿಗೆ, ಕಾಯೋದು ಜಾಸ್ತಿ ಆಯ್ತಾ?”

“ಯಾವ ಕಾಯೋದು? ಮೂರು ಗುಂಡಿ ಹೊತ್ತು ತಾನೇ.”

ಅವನಿಗೆ ಅದು ಬಹಳ ಹಿಡಿಸಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಹೊತ್ತಿನ ಅಳತೆಯೇ ಅದಾಯಿತು. ಹಾಲು ಉಕ್ಕಲು ಎಷ್ಟು? ಹತ್ತು ಗುಂಡಿ ಹೊತ್ತು. ಬಸ್ಸು ಬರಲು? ಇಪ್ಪತ್ತು ಗುಂಡಿ. ಎದುರು ಮನೆಯವಳು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ ನಕ್ಕಳು.

“ಏನ್ರೀ ಅಜ್ಜಿ, ಈ ವಯಸ್ಸಲ್ಲಿ ವೀಡಿಯೋ ಗೇಮಾ? ಅದೂ ಒಂದು ಕೈಲಿ ಸೂಜಿ, ಒಂದು ಕೈಲಿ ಮೌಸು!”

“ನೀವೂ ಬನ್ನಿ, ನಿಮಗೂ ಒಂದು ರೋಬೋಟು ಕಟ್ಟಿಕೊಡ್ತೀನಿ. ಪಾತ್ರೆ ತೊಳೆಯುತ್ತೆ,” ಎಂದೆ.

“ಮಾತು ಕೇಳೋದಾದ್ರೆ ಹೇಳಿ, ಮನೆಯಲ್ಲಿರೋದನ್ನ ಕೊಟ್ಟು ಇದನ್ನೇ ತಗೊಂಡು ಹೋಗ್ತೀನಿ.” ಅವಳ ಗಂಡ ಮೆಟ್ಟಿಲಲ್ಲೇ ಇದ್ದ, ಕೇಳಿಸಿಕೊಂಡ. ನನ್ನ ಮೈದುನ ಅಂದು ಜೋರಾಗಿ ನಕ್ಕದ್ದು ನನಗೆ ನೆನಪಿದೆ. ಕಡ್ಡಿ ಬಾಯಿಂದ ಬಿದ್ದುಹೋಯಿತು.

ಆರನೇ ವರ್ಷ ಶಿಕ್ಷಣ ಕಚೇರಿಯವರು ಎಲ್ಲ ಶಾಲೆಗಳ ಕಂಪ್ಯೂಟರಿಗೂ ಹಾಕಲು ಒಂದು ಆಟ ಆರಿಸುತ್ತಾರೆಂದು ಪತ್ರಿಕೆಯಲ್ಲಿ ಬಂತು. ಮೈದುನ ಅರ್ಜಿ ಹಾಕಿದ. ಒಂದು ಶಾಲೆಯಲ್ಲಿ ಮಕ್ಕಳ ಕೈಗೆ ಕೊಟ್ಟು ತೋರಿಸಿ ಎಂದು ದಿನ ಗೊತ್ತು ಮಾಡಿದರು. ಅಷ್ಟು ಹೊತ್ತಿಗೆ ನಡುಕ ಎಡಗೈಗೂ ಬಂದಿತ್ತು. ಆ ದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗುಂಡಿ ಸಿಕ್ಕಿಸಲಾಗದೆ ಕನ್ನಡಿಯ ಮುಂದೆ ನಿಂತಿದ್ದ. ನಾನು ಹೋಗಿ ಸಿಕ್ಕಿಸಿದೆ.

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರು, ಮೂವತ್ತಾರು ಮಕ್ಕಳು. ಒಂದರ ಮುಂದೆ ಮೂವರು. ಪರದೆಗಳು ಹಳೆಯವು, ಬಣ್ಣ ಮಾಸಿದವು. ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು. ಒಳ್ಳೆಯ ಹೆಂಗಸು, ನನಗೂ ಕುರ್ಚಿ ಹಾಕಿಸಿದರು. ನಾನೇ ಒಂದೊಂದರ ಮುಂದೆ ಬಾಗಿ ಆಟ ತೆರೆದುಕೊಟ್ಟೆ. ಮೈದುನ ಗೋಡೆಗೆ ಒರಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬಾಯಲ್ಲಿ ಕಡ್ಡಿ.

ಮೊದಲ ಹತ್ತು ನಿಮಿಷ ಹೇಗಿತ್ತೆಂದು ಹೇಳಲೇಬೇಕು, ಯಾಕೆಂದರೆ ಆ ಹತ್ತು ನಿಮಿಷ ಅವನ ಬದುಕಿನಲ್ಲಿ ನಿಜವಾಗಿ ಇದ್ದವು. ಮಕ್ಕಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ನಾನು ಎಡವಿ ಎಡವಿ ಸರಿಮಾಡಿಸಿದ ದಾರಿಯಲ್ಲಿ ಅವರು ಓಡಿಕೊಂಡು ಹೋದರು.

“ಏಯ್, ನಮ್ದಕ್ಕೆ ಏಳು ಕೈ!”

“ಏಳು ಕೈ ಇದ್ರೆ ಹೋಮ್‌ವರ್ಕ್ ಬೇಗ ಮುಗಿಯುತ್ತೆ ಕಣೇ!”

“ಅದಕ್ಕೆ ತಲೆ ಎಲ್ಲಿ?”

“ತಲೆ ಯಾಕೆ? ನಿನಗಿದೆಯಾ?”

ಮೈದುನನ ಮುಖ ನೋಡಿದೆ. ಕಡ್ಡಿ ಬಾಯಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಸಂತೋಷವಾದಾಗ ಹಾಗೆ.

ಆಮೇಲೆ ಏಳು ಕೈಯ ರೋಬೋಟು ಮೂರನೇ ಹಂತದ ಇಳಿಜಾರಿನ ಬುಡಕ್ಕೆ ಬಂದು, ನಾಲ್ಕು ಹೆಜ್ಜೆ ಹತ್ತಿ, ನಿಂತಿತು.

“ಹ್ಯಾಂಗ್ ಆಯ್ತು ಮಿಸ್!”

ಇನ್ನೊಂದು ಮೂಲೆಯಿಂದ, “ಮಿಸ್, ನಮ್ದೂ ಹ್ಯಾಂಗ್!” ಮತ್ತೊಂದು, ಮಗದೊಂದು. ಸಣ್ಣ ಮೋಟಾರಿಗೆ ಎಲ್ಲರೂ ಬೆಟ್ಟದಷ್ಟು ಹೇರಿದ್ದರು. ಆ ಮಾಸಿದ ಪರದೆಗಳ ಮೇಲೆ ಕೆಂಪು ಕೆಂಪಾಗಿರಲಿಲ್ಲ, ಮಣ್ಣಿನ ಬಣ್ಣವಾಗಿತ್ತು. ಓದಲು ಒಂದು ಸಾಲೂ ಇರಲಿಲ್ಲ. ಮಕ್ಕಳು ಮೌಸನ್ನು ಮೇಜಿಗೆ ಕುಟ್ಟಿದರು. ಕಂಪ್ಯೂಟರನ್ನೇ ಆರಿಸಿ ಹಚ್ಚಿದರು. ಹಚ್ಚಿ, ಮತ್ತೆ ಕಟ್ಟಿ, ಮತ್ತೆ ಅಲ್ಲಿಗೇ ಬಂದು ನಿಂತರು. ಒಂದು ಹುಡುಗಿ ಮಾತ್ರ ಗಲ್ಲಕ್ಕೆ ಕೈ ಕೊಟ್ಟು ಸುಮ್ಮನೆ ಪರದೆ ನೋಡುತ್ತಿದ್ದಳು. ಇವಳೊಬ್ಬಳಿಗೆ ಅರ್ಥವಾಯಿತಲ್ಲ ಎಂದು ಹತ್ತಿರ ಹೋದೆ. ಅವಳ ಮೌಸೇ ಕೆಲಸ ಮಾಡುತ್ತಿರಲಿಲ್ಲ.

ಮೇಡಂ ಎದ್ದು ಬಂದರು. “ಸರ್, ಆಟ ನಿಂತು ನಿಂತು ಹೋಗ್ತಾ ಇದೆಯಲ್ಲ?”

ಅವನು ಕಡ್ಡಿ ತೆಗೆದ. “ನಿಂತಿಲ್ಲ ಮೇಡಂ. ತಣ್ಣಗಾಗ್ತಾ ಇದೆ.”

“ಏನು ತಣ್ಣಗಾಗ್ತಾ ಇದೆ?”

“ಮೋಟಾರು.”

“ಕಂಪ್ಯೂಟರ್ ಒಳಗಿರೋ ಮೋಟಾರಾ?”

“ಅಲ್ಲ ಮೇಡಂ, ಆಟದೊಳಗಿರೋದು.”

ಮೇಡಂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. “ಆಟದೊಳಗಿರೋ ಮೋಟಾರು ಯಾಕೆ ಬಿಸಿಯಾಗಬೇಕು ಸರ್?” ಎಂದು ಮೆಲ್ಲಗೆ ಕೇಳಿದರು.

“ಮೋಟಾರಲ್ವಾ ಮೇಡಂ,” ಎಂದ. ಅವನ ಪ್ರಕಾರ ಬೇರೆ ಉತ್ತರ ಬೇಕಾಗಿರಲಿಲ್ಲ.

ಹೊರಡುವಾಗ ಮೇಡಂ ಬಾಗಿಲ ತನಕ ಬಂದರು. “ಉಳಿದದ್ದೆಲ್ಲ ತುಂಬಾ ಚೆನ್ನಾಗಿದೆ ಸರ್. ಆ ಕಾಯೋದೊಂದನ್ನ ತೆಗೆದುಬಿಡಿ. ಹದಿನೈದು ದಿನದೊಳಗೆ ಕಳಿಸಿ, ನೋಡ್ತೀವಿ.”

ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಬಂದ. ಮನೆಗೆ ಬಂದು ನೀರು ಕುಡಿದ. ಅರ್ಧ ಲೋಟ ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ಹೇಳಿದ, “ಅತ್ತಿಗೆ, ಒಂದ್ಸಲ ಆಡಿ. ಅಂಗಿ ಗಂಟು ಒಳಗಿಟ್ಟು ಬನ್ನಿ.”

ಒಳಗಿಟ್ಟು ಬಂದೆ. ಕೂತೆ. ಡೊಳ್ಳಪ್ಪನಿಗೆ ಏಳು ಕೈ ಸಿಕ್ಕಿಸಿ ಇಳಿಜಾರು ಹತ್ತಿಸಿದೆ. ಕೆಂಪಾದ, ನಿಂತ. ನನ್ನ ಬಲಗೈ ತಾನಾಗಿಯೇ ಮಗ್ಗುಲಿಗೆ ಹೋಗಿ ಬರಿಗೈಯಲ್ಲಿ ವಾಪಸು ಬಂತು. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ. ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದನ್ನು ನೋಡಿದೆ. ಮೊಳೆಯ ಕೆಳಗೆ ತುಕ್ಕಿನ ಗೆರೆ ಇಳಿದಿತ್ತು, ಅದನ್ನು ಕೆಳಗಿನವರೆಗೂ ನೋಡಿದೆ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಹೊಡೆದು ಮುಗಿಸಿ ಹೋದರು. ಡೊಳ್ಳಪ್ಪ ಇನ್ನೂ ಕೆಂಪಗೇ ಇದ್ದ. ಅರವತ್ತು ದಾಟಿದ ನನಗೇ ಎದ್ದು ಹೋಗಬೇಕು ಅನ್ನಿಸಿತು. ಆರು ವರ್ಷ ನಾನು ಆ ಹೊತ್ತನ್ನು ಒಮ್ಮೆಯೂ ಕಾದಿರಲೇ ಇಲ್ಲ. ಹೊಲಿದಿದ್ದೆ.

“ಬೇಜಾರಾಗುತ್ತೆ ಕಣಪ್ಪ,” ಎಂದೆ.

ಹಿಂದೆ ಸ್ಟೂಲು ಕಿರುಗುಟ್ಟಿತು. “ಈ ಒಂದು ಮಾತು ಮೊದಲೇ ಹೇಳಿದ್ರೆ ಸಾಕಿತ್ತಲ್ಲ ಅತ್ತಿಗೆ.”

“ನೀನು ಕೇಳಿದಾಗ ನನ್ನ ಕೈಯಲ್ಲಿ ಸೂಜಿ ಇತ್ತು.”

“ಹೌದು. ನಾನೂ ನೋಡ್ತಾನೇ ಇದ್ನಲ್ಲ,” ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಅವನು ಆಟದ ಒಳಗಿನ ಬರಹ ತೆರೆದ. ನನಗೆ ಅದು ಇರುವೆ ಸಾಲಿನಂತೆ ಕಾಣುತ್ತದೆ. ತಣ್ಣಗಾಗುವ ಹೊತ್ತು ಅಲ್ಲಿ ಒಂದೇ ಒಂದು ಅಂಕಿ: ತೊಂಬತ್ತು. ತೊಂಬತ್ತು ಸೆಕೆಂಡು. ಅದನ್ನು ಹತ್ತು ಮಾಡಿದರಾಗದೇ ಎಂದೆ. “ಹತ್ತು ಸೆಕೆಂಡಿಗೆ ಯಾವ ಮೋಟಾರೂ ತಣ್ಣಗಾಗಲ್ಲ. ಸುಳ್ಳು ಹೇಳೋದಾದ್ರೆ ಪೂರ್ತಿ ಹೇಳಬೇಕು,” ಎಂದ. ಮಣಿಕಟ್ಟು ಹಿಡಿದುಕೊಂಡು ಒಂಬತ್ತನ್ನು ಅಳಿಸಿದ. ಉಳಿದ ಸೊನ್ನೆಯನ್ನು ಹಾಗೇ ಬಿಟ್ಟ.

ಆಡಿ ನೋಡಿದೆ. ಏಳು ಕೈ, ಕಪಾಟಿನ ಅತಿ ಸಣ್ಣ ಮೋಟಾರು, ಎಲ್ಲಕ್ಕಿಂತ ಕಡಿದಾದ ಇಳಿಜಾರು. ಡೊಳ್ಳಪ್ಪ ಎಲ್ಲೂ ನಿಲ್ಲದೆ ಮೇಲೆ ಹೋಗಿ ದೀಪ ಹಚ್ಚಿದ. ಹತ್ತನೇ ಹಂತವನ್ನು ನಾನು ಅದುವರೆಗೆ ಗೆದ್ದಿರಲಿಲ್ಲ.

“ಹತ್ತಿಬಿಟ್ಟ,” ಎಂದೆ.

“ಹೂಂ, ಹತ್ತಿಬಿಟ್ಟ,” ಎಂದ. ತರಬೇತಿ ಶಾಲೆಯಲ್ಲಿ ಯಾರಾದರೂ ಬೆಳಕು ಕಾಣುವ ತುಂಡನ್ನು ತಂದುಕೊಟ್ಟರೆ ಅವನು ಅದನ್ನು ಎತ್ತಿ ಗುಜರಿ ಡಬ್ಬಕ್ಕೆ ಹಾಕುತ್ತಿದ್ದನಂತೆ. ಈ ತುಂಡನ್ನು ಮಾತ್ರ ಸಿಡಿಗೆ ಇಳಿಸಿ, ಲಕೋಟೆಗೆ ಹಾಕಿ, ವಿಳಾಸವನ್ನು ನನ್ನಿಂದ ಬರೆಸಿ, ಕಚೇರಿಗೆ ಕಳಿಸಿದ.

ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನ ಕೈಯಲ್ಲಿ ಕಾಗದ ನಿಲ್ಲದಂತಾಗಿತ್ತು. ಹಿಡಿದರೆ ಗಾಳಿಗೆ ಸಿಕ್ಕ ಎಲೆಯ ಹಾಗೆ ಬಡಿದುಕೊಳ್ಳುತ್ತಿತ್ತು. “ನೀವೇ ಓದಿ” ಎಂದ. ನಾನು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ತಾವು ಕಳುಹಿಸಿದ. ಅಷ್ಟಕ್ಕೆ ಒಂದು ಉಸಿರು. ಆಟವನ್ನು ಪರಿಶೀಲಿಸಿ. ‘ಪರಿಶೀಲಿಸಿ’ಗೇ ಅರ್ಧ ನಿಮಿಷ. ಬೇರೆ ಆಟವೊಂದನ್ನು ಆರಿಸಿಕೊಂಡಿದ್ದಾರಂತೆ. ಅದರಲ್ಲಿ ರೋಬೋಟುಗಳು ಹಾರುತ್ತವಂತೆ. ತಾವು ಕಳುಹಿಸಿದ ಆಟದಲ್ಲಿ ಸವಾಲಿನ ಅಂಶ ಕಡಿಮೆ, ಏನು ಕಟ್ಟಿದರೂ ಗೆಲ್ಲುತ್ತದೆ, ಎಂದು ಬರೆದಿತ್ತು. ‘ಬೇರೆ’ ಎಂದ ಕೂಡಲೇ ಅವನಿಗೆ ಎಲ್ಲ ತಿಳಿದುಹೋಗಿತ್ತು. ಆದರೂ ನಾನು ಕೆಳಗಿನ ಸಹಿಯವರೆಗೆ ಓದಿ ಮುಗಿಸುವ ತನಕ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕಾದ.

“ಏನು ಕಟ್ಟಿದರೂ ಗೆಲ್ಲುತ್ತೆ ಅಂತ ಬರೆದಿದಾರಾ?”

“ಹೌದಪ್ಪ.”

“ಸರಿಯಾಗೇ ಬರೆದಿದಾರೆ. ಮಡಚಿಡಿ.”

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಎದುರು ಮನೆಯವಳು ಒಂದು ಭಾನುವಾರ ತನ್ನ ಇಬ್ಬರು ಮಕ್ಕಳನ್ನು ಕಳಿಸಿದಳು, ಅವನ ಮನಸ್ಸಿಗೆ ಸಮಾಧಾನವಾಗಲಿ ಎಂದು. ಎರಡೂ ಮಕ್ಕಳು ಕೂತು, ಕಂಡದ್ದನ್ನೆಲ್ಲ ಸಿಕ್ಕಿಸಿ, ಹತ್ತೂ ಹಂತವನ್ನು ಅರ್ಧ ಗಂಟೆಯಲ್ಲಿ ಮುಗಿಸಿ, “ಆಯ್ತು ತಾತ” ಎಂದು ಹೋದವು. ಮತ್ತೆ ಬರಲಿಲ್ಲ. ಅವನು ಯಾರನ್ನೂ ಕರೆಯಬೇಡಿ ಎಂದ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. “ಆ ಸೊನ್ನೆ ಅಲ್ಲಿರಬಾರದು ಅತ್ತಿಗೆ. ಯಾರೂ ಆಡದಿದ್ರೂ ಪರವಾಗಿಲ್ಲ, ಸುಳ್ಳು ಇರಬಾರದು.” ಬಾಯಲ್ಲೇ ದಾರಿ ಹೇಳಿದ. ಅವನ ಮಾತೂ ಆಗ ಸ್ವಲ್ಪ ತೊದಲುತ್ತಿತ್ತು. ನಾನು ನಾನೂರ ಹನ್ನೆರಡನೇ ಸಾಲಿನವರೆಗೆ ಬೆರಳಿಟ್ಟು ಎಣಿಸಿಕೊಂಡು ಇಳಿದೆ. ನಡುವೆ ಲೆಕ್ಕ ತಪ್ಪಿ ಎರಡು ಸಲ ಮೇಲಿನಿಂದ ಶುರುಮಾಡಿದೆ. ಸೊನ್ನೆ ಸಿಕ್ಕಿತು. ಅದರ ಮುಂದೆ ಒಂಬತ್ತು ಒತ್ತಿದೆ. ಅಂಕಿಗಳು ನನಗೆ ಚೆನ್ನಾಗಿ ಬರುತ್ತವೆ.

ಈಗಲೂ ಎರಡು ಗಂಟೆಗೆ ನಾನು ಕೂರುತ್ತೇನೆ. ಅವನನ್ನು ಎಬ್ಬಿಸಿ, ದಿಂಬಿಗೆ ಒರಗಿಸಿ, ಪರದೆ ಕಾಣುವಂತೆ ಮಂಚ ತಿರುಗಿಸಿದ್ದೇನೆ. ಬಾಯಲ್ಲಿ ಕಡ್ಡಿ ಇಡುವುದಿಲ್ಲ, ನುಂಗಿಬಿಟ್ಟಾನೆಂದು ಹೆದರಿಕೆ. ಸಣ್ಣ ಚಕ್ರ ಎಲ್ಲಿ, ದೊಡ್ಡ ಚಕ್ರ ಎಲ್ಲಿ, ಭಾರ ಎಷ್ಟು ಹಿಂದಕ್ಕೆ, ಯಾವ ಇಳಿಜಾರಿಗೆ ಯಾವ ಮೋಟಾರು ಎಂದು ನನಗೆ ಈಗ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. ಅವನ ಕೈ ಬಲ್ಲದ್ದನ್ನು ಕಲಿತವಳು ನಾನೊಬ್ಬಳೇ. ನನಗೆ ಅರವತ್ತೊಂಬತ್ತು. ನನ್ನನ್ನು ಯಾರೂ ಅದನ್ನು ಕೇಳುವುದಿಲ್ಲ.

ಅವನ ಅಂಗಿಗಳ ಗುಂಡಿ ತೆಗೆದು, ಒತ್ತಿದರೆ ಹಿಡಿದುಕೊಳ್ಳುವ ಅಂಟುಪಟ್ಟಿ ಹೊಲಿಯಲು ದವಾಖಾನೆಯ ನರ್ಸ್ ಹೇಳಿದ್ದಾರೆ. ಸದ್ಯಕ್ಕೆ ಅವನೇ ಹಾಕಿಕೊಳ್ಳಬಹುದು, ಆಮೇಲೆ ಹಾಕುವವರಿಗೂ ಸುಲಭ ಎಂದು. ಮೊನ್ನೆ ಆ ಕೆಲಸ ಹಿಡಿದೆ. ಡೊಳ್ಳಪ್ಪನಿಗೆ ಬೇಕೆಂದೇ ಭಾರ ಹೇರಿ ಇಳಿಜಾರಿಗೆ ಬಿಟ್ಟೆ. ಕೆಂಪಾಗಿ ನಿಂತ. ನಾನು ಬ್ಲೇಡು ತೆಗೆದುಕೊಂಡು ನೂಲು ಕತ್ತರಿಸತೊಡಗಿದೆ. ಇಡೀ ಜೀವಮಾನ ಹೊಲಿದವಳಿಗೆ ಒಂದು ಮಾತು ಗೊತ್ತಿರಲಿಲ್ಲ, ಬಿಚ್ಚುವುದು ಎಷ್ಟು ಬೇಗ ಎಂದು. ಮೂರು ಗುಂಡಿ ಬಿಚ್ಚಿ ತಲೆ ಎತ್ತಿದೆ. ಡೊಳ್ಳಪ್ಪ ಇನ್ನೂ ಕೆಂಪಗೇ ಇದ್ದ. ಐದು ಬಿಚ್ಚಿದೆ. ಏಳೂ ಬಿಚ್ಚಿ ಡಬ್ಬಿಗೆ ಹಾಕಿದೆ.

“ತಣ್ಣಗಾಯ್ತಾ ಅತ್ತಿಗೆ?” ಎಂದ ಮಂಚದಿಂದ.

“ಇನ್ನೂ ಇಲ್ಲ,” ಎಂದು ತೋಳಿನ ಗುಂಡಿಗೆ ಕೈ ಹಾಕಿದೆ.